ಸುತ್ತೋಲೆ ಬಾರದ ದಿನದ ಸಾರು

ಕಮಿಯಾ ಕೇರಿ
೨೦೧೬ ಏಪ್ರಿಲ್ ೧೮

ಇಗಾರಾಶಿ ಮಾಯುಕೊ ಅವರಿಗೆ,

ದಕ್ಷಿಣದ ಇಳಿಜಾರಿನ ಹಿಮ ಕರಗಿದೆ. ನಮ್ಮ ಮನೆಯ ಹಿಂದಿನದು ಇನ್ನೂ ಹಟ ಹಿಡಿದು ಕೂತಿದೆ. ಋತುವಿನ ಮಾತು ಇಷ್ಟು ಸಾಕು.

ಕಳೆದ ಗುರುವಾರ ನೀವು ಅಕ್ಕಿ ಬಿಸ್ಕತ್ತಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಿರಿ. ನನ್ನ ಮಗಳ ಪಟದ ಮುಂದೆ ಊದುಬತ್ತಿ ಹಚ್ಚಿ ಕೈಮುಗಿದಿರಿ. ಆಮೇಲೆ ಬಹಳ ಹೊತ್ತು ಮೂಲಂಗಿ ಬೆಳೆಯ ವಿಚಾರ ಮಾತಾಡಿದಿರಿ. ಕೊನೆಗೆ ಹೊಸ್ತಿಲಲ್ಲಿ ಕೂತು ಬೂಟು ಹಾಕಿಕೊಳ್ಳುವಾಗ, ಬೆನ್ನು ತಿರುಗಿಸಿಕೊಂಡೇ, ಕೇಳಬೇಕಾದ್ದನ್ನು ಕೇಳಿದಿರಿ: "ಫುಯುಮಿ ಅಕ್ಕ ಶುರು ಮಾಡಿದ ತಿಳಿಸಾರಿನ ವಾರದಿಂದ ಊರಿಗೆ ನಿಜವಾಗ್ಲೂ ಏನಾದ್ರೂ ಉಪಯೋಗ ಆಯ್ತಾ ಅಂತ ನೋಡ್ಬೇಕು ಅಂತಿದ್ದೀನಿ ಮೇಷ್ಟ್ರೇ. ನಿಮ್ಮದೇನೂ ಅಭ್ಯಂತರ ಇಲ್ಲ ತಾನೆ?"

ಬೆನ್ನಿಗೆ ಉತ್ತರ ಹೇಳುವ ಅಭ್ಯಾಸ ನನಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ವಾದಕ್ಕೆ ಮೊದಲು ಇಬ್ಬರೂ ಒಪ್ಪುವ ಸಂಗತಿಗಳನ್ನು ಹೇಳಿಬಿಡಬೇಕು. ನನ್ನ ಮಗಳು ಈ ಪಟ್ಟಣದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದಳು. ನೀವು ಈಗ ಕೂರುವ ಕುರ್ಚಿ ಅವಳದು. ನಮ್ಮ ಕಡೆಯ ಗಂಡಸರಿಗೆ ನಿವೃತ್ತಿಗೆ ಮೊದಲೇ ಲಕ್ವ ಹೊಡೆಯುತ್ತದೆ. ಅದಕ್ಕೆ ಕಾರಣ ಹುದುಗಿಸಿದ ಸೋಯಾ ಮುದ್ದೆ ಕದಡಿ ಮೂರು ಹೊತ್ತೂ ಕುಡಿಯುವ ಮಿಸೊ ಸಾರಿನ ಉಪ್ಪು ಎಂದು ಅವಳು ನಂಬಿದ್ದಳು. ವಸಂತದಲ್ಲೊಂದು, ಶರತ್ಕಾಲದಲ್ಲೊಂದು ವಾರ ಗೊತ್ತುಮಾಡಿ, ಪ್ರತಿ ಕೇರಿಯಲ್ಲೂ ಸರದಿಯಂತೆ ಒಬ್ಬ ಹೆಂಗಸು ಉಪ್ಪಳೆಯುವ ಕಡ್ಡಿಯನ್ನು ಮನೆಮನೆಗೆ ಒಯ್ದು ಬೆಳಗಿನ ಸಾರಿನಲ್ಲಿ ಅದ್ದಿ ನೋಡುವ ಏರ್ಪಾಡು ಮಾಡಿದಳು. ಹನ್ನೊಂದು ವರ್ಷ ನಡೆಸಿದಳು. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ, ಬಾಣಂತಿಯೊಬ್ಬಳನ್ನು ನೋಡಿಕೊಂಡು ಮರಳುವಾಗ, ಹಿಮಗಟ್ಟಿದ ತಿರುವಿನಲ್ಲಿ ಅವಳ ಕಾರು ಜಾರಿತು. ಆ ವಸಂತದ ಸರದಿ ನಮ್ಮ ಮನೆಯದಾಗಿತ್ತು. ಈ ಮನೆಯಲ್ಲಿ ಹೆಂಗಸರಿಲ್ಲ. ಬಿಟ್ಟುಬಿಡೋಣ ಎಂದು ಕೇರಿಯ ಮುಖ್ಯಸ್ಥ ವಾಗಾತ್ಸುಮಾ ಹೇಳಿದ. ನಾನು ಬಿಡಲಿಲ್ಲ. ಸರದಿ ಮುಗಿದ ಮೇಲೂ ಕಡ್ಡಿ ಕೇಳಲು ಯಾರೂ ಬರಲಿಲ್ಲ. ಈಗಲೂ ನಾನೇ ಅಳೆಯುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ನಾನು ಅಭ್ಯಂತರವಿದೆ ಎಂದರೆ ನಿಲ್ಲಿಸುತ್ತೀರಾ? ನಿಲ್ಲಿಸುವುದಾದರೆ ನಿಮ್ಮದು ಸಂಶೋಧನೆಯಲ್ಲ. ನಿಲ್ಲಿಸುವುದಿಲ್ಲವಾದರೆ ನೀವು ಕೇಳಿದ್ದು ಪ್ರಶ್ನೆಯಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಕೂಟದಲ್ಲಿದ್ದೆ. ಅಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಈ ಸಲ ಚೀಟಿ ಬೇಕಿಲ್ಲ. ನಾನು ನನ್ನ ಮಗಳ ಪಕ್ಷ. ನೀವು ಇಡುವ ಪ್ರತಿ ಹೆಜ್ಜೆಯನ್ನೂ ನನಗೆ ಬರೆದು ತಿಳಿಸಿ. ನಾನು ಎದುರು ನಿಲ್ಲುತ್ತೇನೆ. ಎದುರಾಳಿಯಿಲ್ಲದೆ ಗೆದ್ದ ವಾದವನ್ನು ನಾನು ಗೆಲುವೆಂದು ಎಣಿಸಿದವನಲ್ಲ.

ತೊಗಾಶಿ ಶಿಗೆಹರು

&nbsp;

ಆರೋಗ್ಯ ಕೇಂದ್ರ
ಮೇ ೨೭

ತೊಗಾಶಿ ಮೇಷ್ಟ್ರಿಗೆ,

ಕೇಂದ್ರದ ಮುಂದಿನ ಗದ್ದೆಗಳಿಗೆ ನೀರು ಬಿಟ್ಟಿದ್ದಾರೆ. ಕಪ್ಪೆಗಳ ಗದ್ದಲದಲ್ಲಿ ಫೋನಿನ ಮಾತು ಕೇಳಿಸುವುದಿಲ್ಲ. ಬೂಟಿನ ವಿಷಯಕ್ಕೆ ಕ್ಷಮಿಸಿ. ಮುಖ ನೋಡಿ ಕೇಳುವ ಧೈರ್ಯ ಬರಲಿಲ್ಲ.

ಎಲ್ಲವನ್ನೂ ಬರೆಯಿರಿ ಎಂದಿದ್ದೀರಿ. ಪಟ್ಟಣದ ಕೆಲಸ ಫಲ ಕೊಟ್ಟಿತೋ ಇಲ್ಲವೋ ಎಂದು ನೋಡಲು ರಾಜಧಾನಿಯಿಂದ ಜನರನ್ನು ಕರೆಸುವುದು ಸಾಕು, ಪ್ರತಿ ಆರೋಗ್ಯ ಕೇಂದ್ರದಲ್ಲೂ ಅದನ್ನು ತಾವೇ ಮಾಡಬಲ್ಲ ಒಬ್ಬರಾದರೂ ತಯಾರಾಗಲಿ ಎಂದು ಪ್ರಾಂತದವರು ಈ ವರ್ಷ ತರಬೇತಿ ಶುರು ಮಾಡಿದ್ದಾರೆ. ಎಲ್ಲರಿಗಿಂತ ಚಿಕ್ಕವಳು ನಾನು, ನನ್ನನ್ನು ಕಳಿಸಿದರು. ತಿಂಗಳಿಗೊಮ್ಮೆ ವಿಶ್ವವಿದ್ಯಾಲಯಕ್ಕೆ ಹೋಗಿ ಮಿಜುಕೊಶಿ ಮೇಡಂ ಹತ್ತಿರ ಕಲಿಯುತ್ತೇನೆ. ಕಲಿತದ್ದನ್ನು ಗುರುವಾರ ಸಂಜೆ ಇಲ್ಲಿನವರಿಗೆ ಹೇಳಿಕೊಡಬೇಕು. ನಾಲ್ಕು ಜನ ಕೂರುತ್ತೇವೆ, ಒಬ್ಬರು ನಿದ್ದೆ ಮಾಡುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥ ಅನಾಜಾವಾ ಸರ್ ಬಾಗಿಲಲ್ಲಿ ನಿಂತು ಹೇಳಿದರು: "ಇಗಾರಾಶಿ, ಇಷ್ಟು ವರ್ಷ 'ಕಾರ್ಯಕ್ರಮ ನಡೆಯಿತು, ಜನ ಬಂದರು' ಅಂತ ಬರೆದ್ವಿ. ಆಕಾಶ ಏನು ಕಳಚಿ ಬೀಳ್ಲಿಲ್ಲ. ಈಗ ನೀನು ಏಣಿ ಹಾಕಿ ಹತ್ತಿ ಅದನ್ನ ಅಲ್ಲಾಡಿಸಿ ನೋಡ್ತೀಯಾ?"

ನಾನು ಅಲ್ಲಾಡಿಸಿ ನೋಡಿದೆ ಮೇಷ್ಟ್ರೇ. ನನಗೆ ಅರ್ಥವಾಗುತ್ತಿಲ್ಲ.

ಸಾರಿನ ಉಪ್ಪು ವರ್ಷದಿಂದ ವರ್ಷಕ್ಕೆ ಇಳಿದಿದೆ. ನೀವು ಅಳೆಯಲು ಶುರು ಮಾಡಿದ ಮೇಲೆ ಕಮಿಯಾದ್ದು ಇಡೀ ಪಟ್ಟಣದಲ್ಲೇ ಕಡಿಮೆ. ಆ ಗೆರೆ ನೋಡಿ ಮಿಜುಕೊಶಿ ಮೇಡಂ "ಸುಂದರವಾಗಿದೆ" ಎಂದರು. ಅವರು ಹೇಳಿದ ರೀತಿ ಹೊಗಳಿದ ಹಾಗೆ ಕೇಳಿಸಲಿಲ್ಲ. ಯಾಕೆಂದರೆ ಇನ್ನೊಂದು ಗೆರೆ ಇದೆ. ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆಯಲ್ಲಿ ಮೂತ್ರದ ಉಪ್ಪನ್ನೂ ನೋಡುತ್ತಾರೆ. ಅದು ಹದಿಮೂರು ವರ್ಷದಿಂದ ಇದ್ದಲ್ಲೇ ಇದೆ. ಅದೇ ಜನ, ಅದೇ ಬಾಯಿ. ಬಾಯಿಗೆ ಹೋಗುವ ಉಪ್ಪು ಕಡಿಮೆಯಾದರೆ ಹೊರಬರುವುದು ಹೇಗೆ ಕಡಿಮೆಯಾಗದೆ ಉಳಿಯುತ್ತದೆ?

ನಾನೇ ಎಲ್ಲೋ ತಪ್ಪಿದ್ದರೆ ದಯವಿಟ್ಟು ತೋರಿಸಿಕೊಡಿ. ಫೆಬ್ರವರಿಯಲ್ಲಿ ಇದನ್ನು ಪ್ರಾಂತದ ಸಭೆಯ ಮುಂದಿಡಬೇಕು. ವಾರವನ್ನು ಮುಂದುವರಿಸುವುದೋ ಬಿಡುವುದೋ ಎಂದು ಪಟ್ಟಣದವರು ಅದನ್ನು ನೋಡಿ ನಿರ್ಧರಿಸುತ್ತಾರಂತೆ. ನನ್ನ ತಪ್ಪಿನಿಂದ ಫುಯುಮಿ ಅಕ್ಕನ ಕೆಲಸ ನಿಲ್ಲಬಾರದು.

ವಿನಯದಿಂದ,
ಇಗಾರಾಶಿ ಮಾಯುಕೊ

&nbsp;

ಕಮಿಯಾ
ಜೂನ್ ೨೦

ಇಗಾರಾಶಿ ಅವರಿಗೆ,

ಮಳೆ ಹಿಡಿದಿದೆ. ಮನೆಯೊಳಗೆ ಕೂತು ವಾದ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ನಿಮ್ಮ ಎರಡು ಗೆರೆಗಳಲ್ಲಿ ಒಂದು ಇನ್ನೊಂದನ್ನು ಸುಳ್ಳು ಮಾಡುತ್ತದೆ ಎಂದು ನೀವು ಭಾವಿಸಿದ್ದೀರಿ. ಅದು ಅವಸರ. ಮನುಷ್ಯ ಸಾರನ್ನಷ್ಟೇ ಉಣ್ಣುವುದಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ಮೂಲಂಗಿ ಇದೆ, ಒಣಮೀನಿದೆ, ಸೋಯಾ ರಸವಿದೆ. ಸಾರು ಚಪ್ಪೆಯಾಯಿತೆಂದು ಜನ ಮೂಲಂಗಿಯನ್ನು ಇನ್ನೆರಡು ಹೋಳು ಹೆಚ್ಚು ತಿಂದಿರಬಾರದೇಕೆ? ತಪಾಸಣೆಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನೀವು ವಿಚಾರಿಸಿದಿರೇ? ವಾರವೇ ಇಲ್ಲದಿದ್ದರೆ ನಿಮ್ಮ ಎರಡನೆಯ ಗೆರೆ ಮೇಲಕ್ಕೇರುತ್ತಿತ್ತು, ಇದ್ದಲ್ಲೇ ನಿಂತದ್ದೇ ನನ್ನ ಮಗಳ ಗೆಲುವು ಎಂದರೆ ನಿಮ್ಮ ಉತ್ತರವೇನು? ಮೊದಲು ಇವುಗಳಿಗೆ ಉತ್ತರಿಸಿ, ಆಮೇಲೆ ಗಾಬರಿಯಾಗಿ.

ವಾಗಾತ್ಸುಮಾ ಛತ್ರಿ ಮಡಿಸುತ್ತ ಬಂದು ನನ್ನ ಬರವಣಿಗೆ ನೋಡಿದ. "ಯಾರ ಜೊತೆ ಜಗಳ ಮೇಷ್ಟ್ರೇ?"

"ಆರೋಗ್ಯ ಕೇಂದ್ರದ ಜೊತೆ."

"ಗೆಲ್ತಾ ಇದ್ದೀರಾ?"

"ಇಲ್ಲಿವರೆಗೆ."

"ಮತ್ಯಾಕೆ ಮುಖ ಹಾಗಿದೆ?" ಎಂದ.

ಈ ಮಾತನ್ನು ನಿಮಗೆ ಏಕೆ ಬರೆದೆನೋ ತಿಳಿಯದು. ನಾನೆತ್ತಿದ ಮೂರೂ ಆಕ್ಷೇಪಗಳಿಗೆ ನಿಮ್ಮ ಪರವಾಗಿ ಒಳ್ಳೆಯ ಉತ್ತರಗಳು ನನಗೇ ಹೊಳೆದಿವೆ. ಅವನ್ನು ಬರೆಯುವುದಿಲ್ಲ. ಅದು ನಿಮ್ಮ ಕೆಲಸ.

ತೊಗಾಶಿ ಶಿಗೆಹರು

&nbsp;

ಆರೋಗ್ಯ ಕೇಂದ್ರ
ಆಗಸ್ಟ್ ೨೨

ಮೇಷ್ಟ್ರಿಗೆ,

ಪಿತೃಗಳ ಹಬ್ಬಕ್ಕೆ ಬಂದಿದ್ದವರೆಲ್ಲ ಮರಳಿದ್ದಾರೆ, ಊರು ಮತ್ತೆ ಮುದುಕರ ಕೈಗೆ ಬಂದಿದೆ. ನಿಮ್ಮ ಮನೆಯ ಮುಂದೆ ಫುಯುಮಿ ಅಕ್ಕನನ್ನು ಬರಮಾಡಿಕೊಳ್ಳುವ ಬೆಂಕಿ ಹೊತ್ತಿಸಿದ್ದನ್ನು ದಾರಿಯಿಂದ ನೋಡಿದೆ. ಒಳಗೆ ಬರಲಿಲ್ಲ.

ನಿಮ್ಮ ಆಕ್ಷೇಪಗಳನ್ನು ಗುರುವಾರದ ಕೂಟದಲ್ಲಿ ಓದಿದೆ. ನಿದ್ದೆ ಮಾಡುವವರು ಎದ್ದು ಕೂತರು. ಬೇಸಿಗೆಯೆಲ್ಲ ನಾಲ್ಕು ಜನ ಹಂಚಿಕೊಂಡು ಮನೆಗಳಿಗೆ ಹೋಗಿ ಕೇಳಿದೆವು. ಮೂಲಂಗಿ ಹೆಚ್ಚಾಗಿಲ್ಲ, ಮೀನು ಹೆಚ್ಚಾಗಿಲ್ಲ. ತಪಾಸಣೆಗೆ ಬರುವವರೂ ಬಾರದವರೂ ಒಂದೇ ಬಗೆಯವರು. ಪಕ್ಕದ ಪಟ್ಟಣದಲ್ಲಿ ಇಂಥ ವಾರವೇ ಇಲ್ಲ. ಅಲ್ಲಿಯ ಗೆರೆಯೂ ನಮ್ಮದರ ಹಾಗೇ ಇದ್ದಲ್ಲೇ ಇದೆ.

ಮಿಜುಕೊಶಿ ಮೇಡಂಗೆ ಹೇಳಿದೆ. ಅವರು ಕೇಳಿದರು: "ಸಾರಲ್ಲಿ ಉಪ್ಪೆಷ್ಟಿತ್ತು ಅಂತ ಕೇಳ್ದೆ. ಅಳೆಯೋ ದಿನ ಬೆಳಗ್ಗೆ ಆ ಅಡುಗೆಮನೇಲಿ ಏನ್ ನಡೆಯತ್ತೆ ಅಂತ ಕೇಳಿದ್ಯಾ? ಅಳೆಯೋರು ಬರೋದು ಅವರಿಗೆ ಮೊದಲೇ ಗೊತ್ತಾಗತ್ತಾ?"

ಗೊತ್ತಾಗುತ್ತದೆ ಎಂದೆ. ಹಿಂದಿನ ವಾರವೇ ಅಳೆಯುವ ದಿನ ಬರೆದ ಸುತ್ತೋಲೆಯ ಹಲಗೆ ಮನೆಯಿಂದ ಮನೆಗೆ ದಾಟಿ ಬರುತ್ತದಲ್ಲ. ಕಮಿಯಾದ್ದನ್ನು ನೀವೇ ಕುಂಚದಲ್ಲಿ ಬರೆಯುತ್ತೀರಿ. ಎಷ್ಟೋ ಮನೆಯವರು ಅಕ್ಷರ ಚೆನ್ನಾಗಿದೆಯೆಂದು ಒಂದು ದಿನ ಇಟ್ಟುಕೊಂಡೇ ಮುಂದಕ್ಕೆ ಕೊಡುತ್ತಾರಂತೆ.

ಮೇಡಂ ಚಹಾ ಕುಡಿದರು.

ಒಂದು ಬೇಡಿಕೆ. ಯಾವುದಾದರೂ ಒಂದು ಬೆಳಿಗ್ಗೆ, ಸುತ್ತೋಲೆ ಕಳಿಸದೆ, ಎರಡು ಮೂರು ಮನೆಗಳಲ್ಲಿ ಅಳೆದು ನೋಡುತ್ತೀರಾ? ನಾನು ಹೋದರೆ ಕೇಂದ್ರದವಳು ಬಂದಳೆಂದು ಎಲ್ಲರೂ ನೆಟ್ಟಗೆ ಕೂತುಬಿಡುತ್ತಾರೆ.

ಇಗಾರಾಶಿ ಮಾಯುಕೊ

&nbsp;

ಕಮಿಯಾ
ಸೆಪ್ಟೆಂಬರ್ ೧೨

ಇಗಾರಾಶಿ ಅವರಿಗೆ,

ಮೂರು ಮನೆಗಳಿಗೆ ಹೋದೆ. ಕಡ್ಡಿ ಕೆಟ್ಟಿದೆ. ಬೇರೆ ಕಳಿಸಿ.

ತೊಗಾಶಿ

&nbsp;

ಆರೋಗ್ಯ ಕೇಂದ್ರ
ಸೆಪ್ಟೆಂಬರ್ ೨೬

ಮೇಷ್ಟ್ರಿಗೆ,

ಹೊಸ ಕಡ್ಡಿ ಇದರ ಜೊತೆಗಿದೆ. ನೀವು ಹಿಂದಿರುಗಿಸಿದ ಹಳೆಯದನ್ನೂ ಇದನ್ನೂ ಒಂದೇ ಉಪ್ಪುನೀರಿನಲ್ಲಿ ಅದ್ದಿ ನೋಡಿದೆ. ಎರಡೂ ಒಂದೇ ಹೇಳಿದವು. ಹಳೆಯದು ಕೆಟ್ಟಿಲ್ಲ.

ಏನಾಯಿತು ಮೇಷ್ಟ್ರೇ? ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡಿ.

ಇಗಾರಾಶಿ ಮಾಯುಕೊ

&nbsp;

ಕಮಿಯಾ
ನವೆಂಬರ್ ೩

ಇಗಾರಾಶಿ ಅವರಿಗೆ,

ಮೂಲಂಗಿ ಕಿತ್ತು ಸೂರಿನ ಕೆಳಗೆ ತೂಗುಹಾಕುವ ಕೆಲಸ ಮುಗಿಯಿತು. ಇನ್ನು ನೆಪವಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲು ಹೋದದ್ದು ಪಕ್ಕದ ಮನೆಯ ತೊಮೆ ಅಜ್ಜಿಯಲ್ಲಿಗೆ. ನನ್ನ ಕೈಯಲ್ಲಿ ಕಡ್ಡಿ ಕಂಡದ್ದೇ ಆಕೆ ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

"ಸುತ್ತೋಲೆ ಬಂದಿರ್ಲಿಲ್ಲವಲ್ಲ ಮೇಷ್ಟ್ರೇ."

"ಬಂದಿರ್ಲಿಲ್ಲ. ಮುಚ್ಚಳ ತೆಗೀರಿ."

"ನಾನಿನ್ನೂ ತಲೆ ಬಾಚಿಲ್ಲ."

"ನಿಮ್ಮ ತಲೆ ಅಳೆಯೋಕೆ ಬಂದಿಲ್ಲ ನಾನು."

ಕಡ್ಡಿ ನೂರಕ್ಕೆ ಒಂದು ದಶಮಾಂಶ ನಾಲ್ಕು ಎಂದಿತು. ವಸಂತದಲ್ಲಿ ಅದೇ ಪಾತ್ರೆಯಲ್ಲಿ ಅದರ ಅರ್ಧವಿತ್ತು. ಕಡ್ಡಿಯನ್ನು ಕೊಡವಿ ಮತ್ತೆ ಅದ್ದಿದೆ. "ಕೊಡವಿದ್ರೆ ಉಪ್ಪು ಉದುರತ್ತಾ?" ಎಂದಳು ಆಕೆ. ಉಳಿದೆರಡು ಮನೆಗಳಲ್ಲೂ ಇದೇ ಆಯಿತು. ಕಡ್ಡಿ ಕೆಟ್ಟಿದೆಯೆಂದು ನಿಮಗೆ ಬರೆದೆ. ಆ ಹೊತ್ತಿಗೆ ನಾನು ಅದನ್ನು ನಂಬಿದ್ದೆನೋ ಇಲ್ಲವೋ, ಈಗ ಹೇಳಲಾರೆ.

ನಿಮ್ಮ ಹೊಸ ಕಡ್ಡಿ ಬಂದ ಮೇಲೆ ಮತ್ತೆ ಹೋದೆ. ಈ ಸಲ ಆಕೆ ಮುಚ್ಚಳ ತೆಗೆಯಲಿಲ್ಲ. ಕೂರಿಸಿ ಚಹಾ ಕೊಟ್ಟಳು.

"ಅಳೆಯೋ ದಿನ ಎಲ್ಲಾರೂ ತೆಳ್ಳಗೆ ಮಾಡ್ತೀವಿ. ಮೊದಲಿಂದಾನೂ. ಅಳೆಯೋಳು ಪಕ್ಕದ ಮನೆಯವಳೇ ಅಲ್ವಾ? ಅವಳು ಸಭೇಲಿ ಎದ್ದು ನಿಂತು ನಮ್ಮ ಕೇರಿಯವರದ್ದೇ ಎಲ್ಲಕ್ಕಿಂತ ಉಪ್ಪು ಅಂತ ಓದ್ಬೇಕಾ? ಮುಂದಿನ ಸಲ ಅದೇ ಸರದಿ ನನಗೆ ಬರಲ್ವಾ?"

"ನಾನು ಬಂದ್ಮೇಲೆ ಇನ್ನೂ ಇಳಿದಿದೆಯಲ್ಲ, ಅದು?"

ಆಕೆ ನನ್ನನ್ನು ನೋಡದೆ ಒಲೆಯನ್ನು ನೋಡಿದಳು. "ಮಗಳ ನಲವತ್ತೊಂಬತ್ತನೇ ದಿನದ ಕರ್ಮ ಕೂಡ ಆಗಿರ್ಲಿಲ್ಲ. ಕೋಟಿನ ಗುಂಡಿ ಎಲ್ಲಾ ಹಾಕ್ಕೊಂಡು, ಆ ಕಡ್ಡಿ ಹಿಡ್ಕೊಂಡು ಬಾಗಿಲಲ್ಲಿ ಬಂದು ನಿಂತ್ರಿ. ಆ ಮುಖದ ಮುಂದೆ ಯಾವಳು ಉಪ್ಪಿನ ಸಾರು ಇಡ್ತಾಳೆ ಹೇಳಿ. ವಾಗಾತ್ಸುಮಾ ಹೆಂಡ್ತಿಯಂತೂ ಬಿಸಿನೀರಿಗೆ ಮಿಸೊ ತೋರಿಸಿದ್ಲು ಅಷ್ಟೆ. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ಆಮೇಲೆ ನೋಡಿದ್ರೆ ಎಲ್ಲಾರೂ ಅದನ್ನೇ ಮಾಡಿದ್ವಿ."

ಇಗಾರಾಶಿ ಅವರೇ, ನಿಮ್ಮ ಸುಂದರವಾದ ಗೆರೆಯ ತುದಿಯಲ್ಲಿರುವುದು ಇದು.

ಸಾವಿನ ಮನೆಗೆ ಜನ ತಂದ ಹಣದ ಲಕೋಟೆಗೆ ಮರುಕಾಣಿಕೆ ಕೊಡುವ ಪದ್ಧತಿ ನಮ್ಮಲ್ಲಿದೆ. ಎಲ್ಲರಿಗೂ ಹಸಿರು ಚಹಾದ ಪೊಟ್ಟಣ ಕಳಿಸಿ ಲೆಕ್ಕ ತೀರಿತೆಂದುಕೊಂಡಿದ್ದೆ. ಇದಕ್ಕೆ ಏನು ಕಳಿಸುವುದು?

ಇನ್ನೂ ಒಂದಿದೆ. ಏಳುವ ಹೊತ್ತಿಗೆ ತೊಮೆ ಅಜ್ಜಿ ಹೇಳಿದಳು: "ಫುಯುಮಿಗೆ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ತೆಳ್ಳಗೆ ಮಾಡ್ತೀವಿ ಅಂತ. ಒಂದ್ಸಲ ನನ್ನ ಪಾತ್ರೆ ನೋಡಿ ನಕ್ಕುಬಿಟ್ಲು. 'ಅಜ್ಜಿ, ಇವತ್ತು ಹೀಗೆ ಮಾಡೋಕೆ ಬಂತಲ್ಲ ನಿಂಗೆ, ಇನ್ನೊಂದು ದಿನಾನೂ ಬರತ್ತೆ' ಅಂದ್ಲು."

ಗೊತ್ತಿದ್ದೂ ಅವಳು ವರ್ಷವರ್ಷವೂ ಸಭೆಯಲ್ಲಿ ಆ ಅಂಕಿಗಳನ್ನು ಹೊಗಳಿದಳು. ನನ್ನ ಮಗಳು ಸುಳ್ಳನ್ನು ಸಹಿಸಿದಳು ಎಂದು ವಾದಿಸಬಹುದು. ವರ್ಷಕ್ಕೆರಡು ದಿನ ತೆಳ್ಳಗೆ ಮಾಡಿದ ಕೈ ಮೂರನೆಯ ದಿನಕ್ಕಾಗಿ ತಯಾರಾಗುತ್ತಿದೆ ಎಂದು ಅವಳು ಕಾದಿದ್ದಳು ಎಂದೂ ವಾದಿಸಬಹುದು. ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿದೆ. ಎರಡೂ ಗೆಲ್ಲುತ್ತವೆ. ಇಂಥ ಚರ್ಚೆಯನ್ನು ನಾನು ಕಂಡಿಲ್ಲ.

ತಿಂಗಳ ಕೊನೆಗೆ ಶರತ್ಕಾಲದ ವಾರ. ಸುತ್ತೋಲೆ ಬರೆಯಲು ಶಾಯಿ ತೇದು ಕೂತರೆ ಮೊದಲ ಸಾಲೇ ಬರುತ್ತಿಲ್ಲ.

ನಿಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿರಬೇಕು. ಅದು ಏನೇ ಇರಲಿ, ಕಮಿಯಾದವರು ಸುಳ್ಳು ಹೇಳಿದರು ಎಂದು ಮಾತ್ರ ಬರೆಯಬೇಡಿ.

ತೊಗಾಶಿ ಶಿಗೆಹರು

&nbsp;

ಆರೋಗ್ಯ ಕೇಂದ್ರ
೨೦೧೭ ಜನವರಿ ೧೫

ಮೇಷ್ಟ್ರಿಗೆ,

ಹೊಸ ವರ್ಷದ ಕಾರ್ಡು ಕಳಿಸಿ ಸುಮ್ಮನಾದೆ, ಕ್ಷಮಿಸಿ. ನಿಮ್ಮ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ಹೆಸರಿದೆಯೇ ಎಂದು ಮಿಜುಕೊಶಿ ಮೇಡಂ ಅವರನ್ನು ಕೇಳಿದೆ. ಅಳೆಯುತ್ತಿದ್ದಾರೆಂದು ಗೊತ್ತಾದರೆ ಜನ ಬದಲಾಗುತ್ತಾರೆ, ಅದಕ್ಕೆ ಹೆಸರಿದೆ ಎಂದರು. ಅಳೆಯುವವನ ದುಃಖ ಗೊತ್ತಾಗಿ ಜನ ಬದಲಾದರೆ ಅದಕ್ಕೇನು ಹೆಸರು ಎಂದೆ. ಅದನ್ನು ನಾನು ಓದಿಲ್ಲ, ನೀನೇ ಬರಿ ಎಂದರು.

ಅವರೇ ಇನ್ನೊಂದು ಪ್ರಶ್ನೆ ಹಾಕಿದರು: ಮೂತ್ರದ ಉಪ್ಪು ನೋಡುವುದನ್ನು ಈ ಪಟ್ಟಣದಲ್ಲಿ ಶುರು ಮಾಡಿದ್ದು ಯಾರು? ವಿಚಾರಿಸಿದೆ. ಫುಯುಮಿ ಅಕ್ಕ. ವಾರ ಶುರುವಾದ ವರ್ಷವೇ.

ಆಗ ಇಲ್ಲಿ ಗುಮಾಸ್ತೆಯಾಗಿದ್ದ ಮೊಗಾಮಿ ಅವರು ಈಗ ನೀರಿನ ಕಚೇರಿಯಲ್ಲಿದ್ದಾರೆ. ಅವರು ಹೇಳಿದ್ದು: "ಅನಾಜಾವಾ ಸರ್‌ನ ಪೀಡಿಸಿ ಪೀಡಿಸಿ ಮಾಡಿಸಿದ್ಲು ಕಣಮ್ಮ. 'ಸಾರು ಅವರು ನಮಗೆ ತೋರಿಸೋದು, ಇದು ಅವರು ಬಚ್ಚಿಡೋಕೆ ಆಗದ್ದು, ಎರಡೂ ಬೇಕು' ಅಂತಿದ್ಲು." ಅನಾಜಾವಾ ಸರ್ ಹೇಳಿದ್ದು: "ಹಾಗೇನಿಲ್ಲ. ಆ ವರ್ಷ ಪ್ರಾಂತದವರು ಪರೀಕ್ಷೆ ಪುಕ್ಕಟೆ ಮಾಡಿಕೊಡ್ತಿದ್ರು, ಹಾಕಿಸಿದ್ವಿ. ಮೊಗಾಮಿಗೆ ನಿನ್ನೆ ಏನ್ ತಿಂದೆ ಅಂತ ನೆನಪಿರಲ್ಲ." ಇಬ್ಬರೂ ಆಣೆ ಮಾಡಿ ಹೇಳುತ್ತಾರೆ. ಯಾರನ್ನು ನಂಬಲಿ? ಮೊಗಾಮಿ ಅವರನ್ನು ನಂಬಲು ನನಗೆ ಆಸೆ, ಅದಕ್ಕೇ ಅನುಮಾನ.

ಒಂದು ಮಾತ್ರ ಖಂಡಿತ. ಎರಡು ಗೆರೆಗಳೂ ಇಷ್ಟು ವರ್ಷ ಒಂದೇ ಕಪಾಟಿನಲ್ಲಿದ್ದವು. ಒಂದರ ಮೇಲೊಂದಿಟ್ಟು ನೋಡಲು ಇಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಕ್ಕನಿಗೂ ಯಾರೂ ಕಲಿಸಿರಲಿಲ್ಲ.

ಕಮಿಯಾವನ್ನು ಕೈಬಿಟ್ಟು ಬರೆ ಎನ್ನುತ್ತಾರೆ ಅನಾಜಾವಾ ಸರ್. "ಒಂದು ಕೇರಿ ಹೋದ್ರೆ ಯಾರಿಗೆ ಗೊತ್ತಾಗತ್ತೆ? ಮುದುಕರಿಗೂ ನೋವಾಗಲ್ಲ." ಅವರದು ಕೆಟ್ಟ ಮನಸ್ಸಲ್ಲ. ಆದರೆ ಕೈಬಿಟ್ಟರೆ ನಾನು ಕಂಡದ್ದೇ ಇರುವುದಿಲ್ಲ. ಬರೆದರೆ ವಾರವೇ ನಿಲ್ಲಬಹುದು.

ಇದನ್ನು ಬರೆಯಲು ನಿಮ್ಮ ಅಭ್ಯಂತರವಿದೆಯೇ? ಈ ಸಲ ಬೂಟು ಕಳಚಿಟ್ಟು, ನಿಮ್ಮ ಎದುರಿಗೆ ಕೂತು ಕೇಳುತ್ತಿದ್ದೇನೆ ಎಂದುಕೊಳ್ಳಿ.

ಇಗಾರಾಶಿ ಮಾಯುಕೊ

&nbsp;

ಕಮಿಯಾ
ಫೆಬ್ರವರಿ ೨

ಇಗಾರಾಶಿ ಅವರಿಗೆ,

ಬಾಗಿಲ ತನಕ ಹಿಮ ತೋಡಿ ದಾರಿ ಮಾಡಿ ಅಂಚೆಯವನನ್ನು ಒಳಗೆ ಬಿಟ್ಟೆ.

ಬರೆಯಿರಿ. ಕಮಿಯಾವನ್ನು ಬಿಡಬೇಡಿ. ಬರೆಯುವಾಗ ಮನೆಗಳ ಹೆಸರು ತೆಗೆದುಹಾಕಿ, ಕೇರಿಯದನ್ನು ಉಳಿಸಿ.

ಇದು ನನ್ನೊಬ್ಬನ ಅಪ್ಪಣೆಯಲ್ಲ. ನವೆಂಬರಿನಲ್ಲಿ ನಾನು ಸುತ್ತೋಲೆಯನ್ನೂ ಕಳಿಸಲಿಲ್ಲ, ಅಳೆಯಲೂ ಇಲ್ಲ. ಕಳೆದ ವಾರ ಕೇರಿಯ ಸಭೆಯಲ್ಲಿ ಎದ್ದು ನಿಂತು, ನನಗೆ ಎಲ್ಲವೂ ತಿಳಿದಿದೆ ಎಂದೆ. ಎಲ್ಲರೂ ಚಾಪೆ ನೋಡಿದರು. ನಾನು ಕೃತಜ್ಞತೆ ಹೇಳಬೇಕೆಂದಿದ್ದೆ. ಐವತ್ತು ವರ್ಷದಿಂದ ಸಭೆಗಳಲ್ಲಿ ಮಾತಾಡಿದವನು, ಆಗ ತಲೆ ಬಾಗಿಸಿದೆ, ಅಷ್ಟೆ. ತಲೆ ಎತ್ತಿದಾಗ ಅವರೆಲ್ಲರೂ ತಲೆ ಬಾಗಿಸಿದ್ದರು. ನಾನು ಮತ್ತೆ ಬಾಗಿಸಿದೆ. ಯಾರು ಮೊದಲು ಎತ್ತಬೇಕೆಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ವಾಗಾತ್ಸುಮಾ, "ಈಗೇನ್ ಮಾಡ್ಬೇಕು ಅಂತೀರಿ ಮೇಷ್ಟ್ರೇ?" ಎಂದ.

"ಇನ್ಮೇಲೆ ಹೇಳದೆ ಬರ್ತೀನಿ. ಯಾವತ್ತು ಬೇಕಾದ್ರೂ."

"ಹೇಳದೆ ಬರೋನು ಕಳ್ಳ ಇಲ್ಲ ನೆಂಟ," ಎಂದಳು ಅವನ ಹೆಂಡತಿ. "ನೆಂಟನಾಗಿ ಬನ್ನಿ. ಮೊದಲು ಬಟ್ಟಲು ಹಿಡೀರಿ, ಆಮೇಲೆ ಕಡ್ಡಿ."

ಹಾಗೆಂದು ಒಪ್ಪಂದವಾಗಿದೆ.

ಏಪ್ರಿಲಿನಲ್ಲಿ ನಾನು ಮಗಳ ಪಕ್ಷ ಎಂದು ಬರೆದಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಮಗಳ ಪಕ್ಷ ಯಾವುದು ಎಂಬುದು ಈಗ ತಿಳಿಯದು, ಅಷ್ಟೆ. ಅವಳೇ ಎರಡನೆಯ ಗೆರೆಯನ್ನೂ ಎಳೆದಿದ್ದರೆ, ತನಗೆ ತಾನೇ ಎದುರಾಳಿಯನ್ನು ನೇಮಿಸಿಟ್ಟು ಹೋದಳು. ಎಳೆಯದೆ ಇದ್ದರೆ, ಪುಕ್ಕಟೆ ಸಿಕ್ಕಿದ ಒಂದು ಪರೀಕ್ಷೆಯ ಮೇಲೆ ನಾನು ಮಗಳ ಚಿತ್ರ ಕಟ್ಟುತ್ತಿದ್ದೇನೆ. ಅವಳು ಬದುಕಿದ್ದಾಗ ನನ್ನೆದುರು ಕೂತು ಎಷ್ಟೋ ಸಲ ಊಟ ಮಾಡಿದಳು. ಕೆಲಸ ಹೇಗಿದೆ ಎಂದರೆ "ಅಪ್ಪಾ, ನಿಮ್ಮ ಜೊತೆ ವಾದ ಮಾಡೋಕೆ ನನ್ ಕೈಲಿ ಆಗಲ್ಲ, ಸಾರು ಆರತ್ತೆ ಕುಡೀರಿ" ಎನ್ನುತ್ತಿದ್ದಳು.

ತೊಗಾಶಿ ಶಿಗೆಹರು

&nbsp;

ಆರೋಗ್ಯ ಕೇಂದ್ರ
ಮಾರ್ಚ್ ೧೦

ಮೇಷ್ಟ್ರಿಗೆ,

ಸಭೆ ಮುಗಿಯಿತು. ನನ್ನ ಸರದಿ ಊಟದ ನಂತರ ಬಂತು. ಅರ್ಧ ಜನ ತೂಕಡಿಸುತ್ತಿದ್ದರು. ವಾರದಿಂದ ಉಪ್ಪು ಕಡಿಮೆಯಾಯಿತೆಂದು ತೋರಿಸಲಾಗಲಿಲ್ಲ ಎಂದೆ. ಕಮಿಯಾದ್ದನ್ನು ಹೇಳಿದಾಗ ತೂಕಡಿಕೆ ನಿಂತಿತು. ಬೇರೆ ಪಟ್ಟಣದ ಒಬ್ಬ ನರ್ಸ್ ಎದ್ದು, "ನಮ್ಮಲ್ಲೂ ಹೀಗೇ ಇರಬಹುದು, ನಾವು ನೋಡೇ ಇಲ್ಲ" ಎಂದರು. ಅದು ಹೊಗಳಿಕೆಯೋ ಅಲ್ಲವೋ ನನಗೆ ಈಗಲೂ ತಿಳಿದಿಲ್ಲ.

ಪಟ್ಟಣದವರು ವಾರವನ್ನು ಇನ್ನೊಂದು ವರ್ಷ ಉಳಿಸಿದ್ದಾರೆ. ಎಲ್ಲ ಕೇರಿಗಳಲ್ಲೂ ಸುತ್ತೋಲೆಯಿಲ್ಲದೆ ಅಳೆದು, ಮುಂದಿನ ಫೆಬ್ರವರಿಯಲ್ಲಿ ಮತ್ತೆ ನೋಡಬೇಕಂತೆ.

ನೋಡುವುದು ಯಾರು ಎಂಬುದು ಗೊತ್ತಿಲ್ಲ. ಏಪ್ರಿಲ್ ಒಂದರಿಂದ ನನ್ನನ್ನು ವೃದ್ಧರ ವಿಮೆಯ ವಿಭಾಗಕ್ಕೆ ವರ್ಗ ಮಾಡಿದ್ದಾರೆ. ಈಗ ಕಿರಿಯರಿಗೆಲ್ಲ ಮೂರು ವರ್ಷಕ್ಕೊಮ್ಮೆ ಆಗುವುದೇ. ಒಂದು ವರ್ಷ ಕಲಿತದ್ದನ್ನು ಹೊತ್ತುಕೊಂಡು ಎರಡು ಮಹಡಿ ಮೇಲೆ ಹೋಗುತ್ತೇನೆ. ಅನಾಜಾವಾ ಸರ್ ಕೂಡ ಬೇಸರಪಟ್ಟರು: "ಅಲ್ಲಾಡಿಸೋಕೆ ಈಗ ತಾನೆ ಕಲಿತೆ, ಏಣಿ ತಗೊಂಡು ಹೋಗ್ತಾ ಇದ್ದಾರೆ."

ಗುರುವಾರದ ಕೂಟ ನಡೆಯುತ್ತದೋ ಇಲ್ಲವೋ. ನಿದ್ದೆ ಮಾಡುತ್ತಿದ್ದವರು ನಡೆಸುತ್ತೇನೆ ಎಂದಿದ್ದಾರೆ.

ಇಗಾರಾಶಿ ಮಾಯುಕೊ

&nbsp;

ಕಮಿಯಾ
ಮಾರ್ಚ್ ೨೦

ಇಗಾರಾಶಿ ಅವರಿಗೆ,

ದಕ್ಷಿಣದ ಇಳಿಜಾರು ಮತ್ತೆ ಕಾಣಿಸುತ್ತಿದೆ.

ಗುರುವಾರ ಸಂಜೆ ಕೇಂದ್ರಕ್ಕೆ ಹೋಗಿದ್ದೆ. ನಿದ್ದೆಯವರು ಎದ್ದು ಕುರ್ಚಿ ಕೊಟ್ಟರು. ಹೊರಗಿನವರು ಬರಬಾರದೆಂಬ ನಿಯಮವಿದೆಯೇ ಎಂದು ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ವರ್ಗಾವಣೆ ಇಲ್ಲದ ಮನುಷ್ಯ ಈ ಪಟ್ಟಣದಲ್ಲಿ ನಾನೊಬ್ಬನೇ ಇದ್ದಂತಿದೆ. ಎದುರಾಳಿಯ ಕುರ್ಚಿ ನನಗಿರಲಿ ಎಂದೆ. ನೀವೂ ಎರಡು ಮಹಡಿ ಇಳಿದು ಬನ್ನಿ.

ಈ ವಸಂತದ ಅಂಕಿಗಳು ಇದರ ಜೊತೆಗಿವೆ. ಕಮಿಯಾದ್ದು ಪಟ್ಟಣದಲ್ಲೇ ಹೆಚ್ಚು. ವಾಗಾತ್ಸುಮಾ ಮನೆಯ ಸಾರು ಕುಡಿದು ಮಧ್ಯಾಹ್ನದವರೆಗೆ ನೀರು ಕುಡಿದೆ. ಇವು ನಾನು ನಂಬಬಲ್ಲ ಮೊದಲ ಅಂಕಿಗಳು. ಏನನ್ನು ಸಾಧಿಸುತ್ತವೆಯೋ ತಿಳಿಯದು.

ಅವುಗಳಲ್ಲಿ ಒಂದನ್ನು ಎಲ್ಲಿ ಸೇರಿಸಬೇಕೆಂದು ತೋಚದೆ ಬೇರೆ ಬರೆದಿದ್ದೇನೆ. ನಿನ್ನೆ ಬೆಳಿಗ್ಗೆ ಮಗಳ ಗೋರಿಯ ಮೇಲಿನ ಹಿಮ ಗುಡಿಸಿ ಮರಳುವಾಗ ತೊಮೆ ಅಜ್ಜಿಯ ಮನೆಗೆ ಹೊಕ್ಕೆ. ಹೇಳಿರಲಿಲ್ಲ. ಬಟ್ಟಲು ಮೊದಲು, ಕಡ್ಡಿ ಆಮೇಲೆ. ಬಾಯಿಗಿಟ್ಟಾಗಲೇ ಗೊತ್ತಾಯಿತು. ಕಡ್ಡಿ ಸೊನ್ನೆ ದಶಮಾಂಶ ಏಳು ಎಂದಿತು, ಸೆಪ್ಟೆಂಬರಿನದರ ಅರ್ಧ.

"ಯಾರು ಹೇಳಿದ್ರು ನಾನು ಬರ್ತೀನಿ ಅಂತ?"

"ಯಾರ್ ಹೇಳ್ಬೇಕು? ನಿಮಗೋಸ್ಕರ ಮಾಡಿದ್ದಲ್ಲ."

"ಮತ್ತೆ?"

"ಇವತ್ತು ಹತ್ತೊಂಬತ್ತು. ಅವಳು ಹೋದ ತಾರೀಖು. ತಿಂಗಳಿಗೊಂದು ದಿನ ನಮ್ಮನೇಲಿ ಸಾರು ಹೀಗೇ. ಇದಕ್ಕೂ ಸುತ್ತೋಲೆ ಬೇಕಾ?"

ಇದು ಮೂರನೆಯ ದಿನವೇ, ಇಗಾರಾಶಿ ಅವರೇ? ನನ್ನ ಮಗಳು ಇದಕ್ಕಾಗಿ ಕಾದಿದ್ದಳೇ? ಅಥವಾ ಇದು ಊದುಬತ್ತಿ ಹಚ್ಚಿದಂತೆ ಒಂದು ವ್ರತವೇ, ಯಾರ ರಕ್ತದೊತ್ತಡಕ್ಕೂ ಸಂಬಂಧವಿಲ್ಲದ್ದೇ? ತಿಂಗಳಿಗೊಂದು ದಿನದ ಸಾರಿನಿಂದ ನಿಮ್ಮ ಎರಡನೆಯ ಗೆರೆ ಕೂದಲೆಳೆಯಷ್ಟೂ ಇಳಿಯುವುದಿಲ್ಲ, ಅದು ನನಗೂ ಗೊತ್ತು. ಹಾಗಾದರೆ ಇದು ಫಲವಲ್ಲ ಎಂದು ಬರೆಯಬೇಕು. ಬರೆಯಲು ಕೈ ಬರಲಿಲ್ಲ. ಫಲ ಎಂದು ಬರೆಯಲೂ ಬರಲಿಲ್ಲ.

ಸಾರು ಚಪ್ಪೆಯಾಗಿತ್ತು. ಆರುವ ಮೊದಲೇ ಕುಡಿದು, ಇನ್ನೊಂದು ಬಟ್ಟಲು ಕೇಳಿದೆ.

ತೊಗಾಶಿ ಶಿಗೆಹರು